ಮಂಡಿಗೆ ಇಟ್ಟ ಬೊಟ್ಟು

ಭಾನು, ಮಧು, ಕೇಳಿ. ನಿಮ್ಮ ಅಜ್ಜಿಗೆ ಒಂದು ಕಾಲದಲ್ಲಿ ಎತ್ತುಗಳನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ನಗಬೇಡಿ. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಯಾರಿಗಾದರೂ ಬರುತ್ತದೆ. ಎತ್ತಿನ ಮೇಲೆ ಬರಬೇಕಾದರೆ ಸ್ವಲ್ಪ ಅಭ್ಯಾಸ ಬೇಕು. ನನಗೆ ಆ ಅಭ್ಯಾಸ ಆದದ್ದು ನನ್ನ ನಾದಿನಿ, ಅಂದರೆ ನಿಮ್ಮ ತಾತನ ತಂಗಿ ಸುಗುಣಳಿಂದ.

ಎಂಬತ್ತರ ದಶಕದ ಕೊನೆ. ನಾವು ಬಂಗಾರಪೇಟೆಯಲ್ಲಿದ್ದೆವು. ನಿಮ್ಮ ತಾತ ಕೆ.ಜಿ.ಎಫ್.ನಲ್ಲಿ ಗಣಿಯ ವರ್ಕ್‌ಶಾಪಿನ ಫಿಟ್ಟರ್. ಸುಗುಣ ಅಲ್ಲೇ ಇಂಜಿನಿಯರಿಂಗ್ ಓದುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮಾರಿಕುಪ್ಪಂ ರೈಲಿಗೆ ಹೊರಡುವರು. ನಾನು ಬುತ್ತಿ ಕಟ್ಟಿಕೊಟ್ಟು, ಬಾಗಿಲಲ್ಲಿ ನಿಂತು, ಅಣ್ಣ ತಂಗಿ ಪಕ್ಕಪಕ್ಕದಲ್ಲಿ ಮಾತಾಡುತ್ತ ಹೋಗುವುದನ್ನು ಬೀದಿಯ ತಿರುವಿನವರೆಗೂ ನೋಡುತ್ತಿದ್ದೆ. ಅವಳ ಓದಿನ ಮೇಲೆ ನನಗೆ ಅಷ್ಟೇನೂ ಕಿಚ್ಚಿರಲಿಲ್ಲ. ಆ ಪಕ್ಕಪಕ್ಕ ಇದೆಯಲ್ಲ, ಅದರ ಮೇಲೆ.

ನಮ್ಮ ಕಡೆ ಆಗ ಹೆಂಡತಿ ಗಂಡನ ಹಿಂದೆ ನಡೆಯಬೇಕಿತ್ತು. ಸಪ್ತಪದಿಯಲ್ಲಿ ಕಿರುಬೆರಳು ಹಿಡಿದು ಹಿಂದೆ ಹೋದವಳು, ಬೆರಳು ಬಿಟ್ಟ ಮೇಲೂ ಹಿಂದೆಯೇ ಉಳಿದೆ. ಸಂತೆಗಾಗಲಿ, ಗುಡಿಗಾಗಲಿ, ಬಸ್ಸಿಳಿದು ಕಾಮಸಮುದ್ರದ ಹತ್ತಿರದ ನನ್ನ ತವರಿಗಾಗಲಿ, ಅವರು ಮುಂದೆ, ನಾನು ಹಿಂದೆ. ಅವರ ಅಂಗಿಯ ಕಾಲರು ಎಲ್ಲಿ ಸವೆದಿದೆ ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಡೆಯುವಾಗ ಅವರ ಮುಖ ಹೇಗಿರುತ್ತದೆ ಎಂದು ಕೇಳಿದ್ದರೆ ಸುಗುಣಳನ್ನೇ ಕೇಳಿ ಅನ್ನಬೇಕಾಗಿತ್ತು. ಅದೇ ದಾರಿಯಲ್ಲಿ ಗಾಡಿ ಎದುರಾದರೆ, ಒಂದೇ ನೊಗದ ಎರಡು ಎತ್ತುಗಳು ಭುಜಕ್ಕೆ ಭುಜ ಕೊಟ್ಟು ಬರುತ್ತಿದ್ದವು. ಪುಣ್ಯ ಮಾಡಿದ ಜೀವಗಳು ಅಂದುಕೊಳ್ಳುತ್ತಿದ್ದೆ.

ಕೊನೆಯ ವರ್ಷ ಸುಗುಣ ಬಯೋಮೆಕ್ಯಾನಿಕ್ಸ್ ಎಂಬ ಪಾಠ ತೆಗೆದುಕೊಂಡಳು. ಯಂತ್ರಕ್ಕೆ ಹಾಕುವ ಲೆಕ್ಕವನ್ನೇ ಮೈಗೆ ಹಾಕುವ ಓದಂತೆ. ಮೂಳೆ ಎಂದರೆ ಸನ್ನೆಕೋಲು, ಮಂಡಿ ಎಂದರೆ ಬಾಗಿಲಿನ ಕೀಲು. ಊಟಕ್ಕೆ ಕೂತರೆ ಅಣ್ಣ ತಂಗಿಗೆ ಅದೇ ಮಾತು. ಫಿಟ್ಟರ್ ಆದ ನಿಮ್ಮ ತಾತನಿಗೆ ಕೀಲು ಎಂದರೆ ಸಾಕು, ಮುದ್ದೆ ಆರಿಹೋದರೂ ಗೊತ್ತಾಗುತ್ತಿರಲಿಲ್ಲ. ನನ್ನ ಹತ್ತಿರ ಅವರು ಆಡುತ್ತಿದ್ದುದು 'ಸಾರು', 'ಉಪ್ಪು', 'ಬಾಗಿಲು ಹಾಕ್ಕೋ', ಇಷ್ಟೇ. ನಾವು ಕಾಲಿನಿಂದ ನೆಲವನ್ನು ಎಷ್ಟು ಒತ್ತುತ್ತೇವೋ ನೆಲವೂ ಅಷ್ಟೇ ತಿರುಗಿ ಒತ್ತುತ್ತದೆ ಎಂದು ಸುಗುಣ ಒಂದು ದಿನ ಹೇಳಿದಳು. ನಾನು ಸಾರು ಬಡಿಸುತ್ತ ಯೋಚಿಸಿದೆ: ನೆಲವೇ ವಾಸಿ, ಏನಾದರೊಂದು ಉತ್ತರ ಕೊಡುತ್ತದೆ.

ಆ ಪಾಠಕ್ಕೆ ಅವಳು ಒಂದು ಪರೀಕ್ಷೆ ಮಾಡಿ ತೋರಿಸಬೇಕಿತ್ತು. ಮನುಷ್ಯ ಒಬ್ಬನೇ ನಡೆದರೆ ಹೆಜ್ಜೆ ಹೇಗೆ, ಜೊತೆಯಲ್ಲಿ ಯಾರಾದರೂ ನಡೆದರೆ ಹೇಗೆ? ಕಾಲಿನ ಹರಡು, ಮಂಡಿ, ಸೊಂಟಕ್ಕೆ ಗುರುತು ಅಂಟಿಸಿ, ಪಕ್ಕದಿಂದ ಫೋಟೋ ತೆಗೆದು ಅಳೆಯಬೇಕು. ಒಬ್ಬರು ಅಣ್ಣ ಎನ್ನುವುದು ಮೊದಲೇ ತೀರ್ಮಾನವಾಗಿತ್ತು. ಜೊತೆಗೆ ತಾನೇ ನಡೆಯುವ ಆಸೆ ಅವಳಿಗೆ. ಅಳೆಯುವವರು ನಡೆಯುವಂತಿಲ್ಲ ಎಂದು ಮೇಷ್ಟ್ರು ಹೇಳಿದ್ದರಿಂದ ನನ್ನ ಪಾಳಿ ಬಂತು. ಮಿಕ್ಕ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿ ನಾನು. ಆದರೂ ಒಲ್ಲೆ ಎನ್ನಲಿಲ್ಲ.

ಗುರುತಿಗೆಂದು ತಂದಿದ್ದ ಕಾಗದದ ಚೂರುಗಳು ಬೆವರಿಗೆ ಉದುರಿದವು. ಸುಗುಣ ನನ್ನ ಕನ್ನಡಿಯ ಮೇಲಿದ್ದ ಸ್ಟಿಕ್ಕರ್ ಬೊಟ್ಟುಗಳನ್ನೆಲ್ಲ ಕಿತ್ತು ತಂದಳು. ಚೆನ್ನಾಗಿ ಕಾಣಲೆಂದು ಸುತ್ತ ನೆನೆಸಿದ ವಿಭೂತಿ ಬಳಿದು, ನಡುವೆ ಬೊಟ್ಟು ಅಂಟಿಸಿದಳು. ನಿಮ್ಮ ತಾತ ಚಡ್ಡಿಯಲ್ಲಿ, ನಾನು ನಾಟಿಗೆ ಇಳಿಯುವ ಹಾಗೆ ಸೀರೆ ಎತ್ತಿ ಕಟ್ಟಿ, ಬೀದಿಯ ಕೊನೆಯ ಸುಣ್ಣದ ಗೋಡೆಯ ಮುಂದೆ ನಿಂತೆವು. ಗದ್ದೆಯಲ್ಲಿ ಬಾರದ ನಾಚಿಕೆಯೆಲ್ಲ ಬೀದಿಯಲ್ಲಿ ಬಂತು. ಪಕ್ಕದ ಮನೆಯ ಮುನೆಮ್ಮ ಕೊಡ ಇಳಿಸಿ ಅಲ್ಲೇ ನಿಂತಳು.

"ಏನಮ್ಮಿ, ಅಣೇಗೆ ಸಾಲ್ದು ಅಂತ ಮಂಡೀಗೂ ಮುತ್ತೈದೆತನಾನಾ?"

ನಿಮ್ಮ ತಾತ ಮೊದಲು ಒಬ್ಬರೇ ನಡೆದರು, ದೊಡ್ಡ ದೊಡ್ಡ ಹೆಜ್ಜೆ. ಆಮೇಲೆ ಇಬ್ಬರೂ. ಸುಗುಣ ಕ್ಯಾಮೆರಾ ಕಣ್ಣಿಗೆ ಹಿಡಿದು "ಊಂ, ಬನ್ನಿ" ಅಂದಳು. ಹೊರಟೆವು. ಪಕ್ಕದಲ್ಲೇ ಹೊರಟಿದ್ದೆ, ದೇವರಾಣೆ. ಆದರೆ ಗೋಡೆಯ ನಡುವಿಗೆ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿದಿತ್ತು.

"ಅತ್ತಿಗೆ, ಯಾಕೆ ಇಂದೆ ಬೀಳ್ತೀಯ? ಜೊತೇಲಿ ಬಾ!"

ಇನ್ನೊಮ್ಮೆ ನಡೆದೆವು. ಮತ್ತೆ ಹಿಂದೆ. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಎತ್ತು ಕೊಳ್ಳುವಾಗ ಅದನ್ನು ಆ ಕಡೆ ಈ ಕಡೆ ನಡೆಸಿ ನೋಡುತ್ತಿದ್ದರು. ಅವರು ಇದ್ದಿದ್ದರೆ ನನ್ನನ್ನು ಖಂಡಿತ ಕೊಳ್ಳುತ್ತಿರಲಿಲ್ಲ. ಎಷ್ಟು ವರ್ಷದಿಂದ ಆಸೆಪಟ್ಟ ಜಾಗ ಪಕ್ಕದಲ್ಲೇ ಖಾಲಿ ಇದೆ. ನನ್ನ ಕಾಲಿಗೇ ಅದು ಬೇಡವಾಗಿದೆ! ಅಳು ಬರುವಂತಾಯಿತು.

"ರೀಲು ಮುಗೀತಾ ಬಂತು. ಇದೂ ಓಯ್ತು ಅಂದ್ರೆ ಇನ್ನಿಲ್ಲ" ಎಂದು ಸುಗುಣ ರೇಗಿದಳು. "ನೀನು ಬಿಡು ಅತ್ತಿಗೆ, ನಾನೇ ನಡೀತೀನಿ. ಮೇಷ್ಟ್ರಿಗೆ ಏನಾದ್ರೂ ಏಳ್ಕೊತೀನಿ."

ನಾನು ಸೀರೆ ಇಳಿಸಲು ಕೈ ಹಾಕಿದೆ. ಆಗ ನಿಮ್ಮ ತಾತ ಬಾಯಿಬಿಟ್ಟರು.

"ಬ್ಯಾಡ. ಇವಳೇ ಬರ್ಲಿ. ನಡಿಯಮ್ಮಿ, ನೀನು ಎಂಗೆ ನಡೀತೀಯೋ ಅಂಗೇ ನಡಿ."

ನಡೆದೆ. ಎಂದಿನಂತೆ ನನ್ನ ಕಾಲು ಹಿಂದಾಯಿತು. ಆದರೆ ಅವರ ಬೆನ್ನು ಮುಂದೆ ಕಾಣಿಸಲಿಲ್ಲ. ಅವರು ಹೆಜ್ಜೆ ಮೊಟಕು ಮಾಡಿಕೊಂಡಿದ್ದರು. ನಾನು ಇನ್ನೂ ನಿಧಾನಿಸಿದೆ, ಅವರೂ ನಿಧಾನಿಸಿದರು. ಓರೆಗಣ್ಣಲ್ಲಿ ನೋಡಿದೆ: ನಡೆಯುವಾಗ ಅವರು ಕೆಳದುಟಿ ಕಚ್ಚಿಕೊಳ್ಳುತ್ತಿದ್ದರು, ಬೋಲ್ಟು ಬಿಗಿಮಾಡುವವರ ಹಾಗೆ. ಟಕ್ ಎಂದು ಸದ್ದಾಯಿತು.

ಸುಗುಣ ಕ್ಯಾಮೆರಾ ಇಳಿಸಿದಳು. ಪರೀಕ್ಷೆ ಗೆದ್ದ ಮುಖವಲ್ಲ ಅದು.

"ಏನಣ್ಣಾ, ನನ್ನ ಜೊತೇಲಿ ಬರುವಾಗ ಒಂದಿನಾನಾದ್ರೂ ಇಂಗೆ ನಿಧಾನ ಮಾಡಿದ್ದೀಯಾ? ರೈಲು ಓಗ್ಬುಡ್ತದೆ ಅಂತ ನಾಯಿ ತರ ಓಡಿಸ್ತೀಯ!"

ಆ ದನಿ ನನಗೆ ಚೆನ್ನಾಗಿ ಪರಿಚಯ. ಅಷ್ಟು ದಿನ ನನ್ನ ಹೊಟ್ಟೆಯಲ್ಲಿದ್ದದ್ದೇ ಅದು, ಈಗ ಅವಳ ಬಾಯಲ್ಲಿತ್ತು. ಆ ಸಂಜೆ ಅವಳ ತಟ್ಟೆಗೆ ತುಪ್ಪ ಒಂದು ಮಿಳ್ಳೆ ಜಾಸ್ತಿಯೇ ಬಿತ್ತು. ಗೆದ್ದವರಿಗೆ ಧಾರಾಳ ಸುಲಭ, ಮಕ್ಕಳೇ.

ಮರುದಿನದಿಂದ ಮತ್ತೆ ಅವರು ಮುಂದೆ, ನಾನು ಹಿಂದೆ. ಒಂದು ಫೋಟೋದಿಂದ ಊರಿನ ನಡೆ ಬದಲಾಗುತ್ತದೆಯೇ? ಆದರೆ ತಿರುವು ಬಂದಲ್ಲಿ ಅವರ ಹೆಜ್ಜೆ ಮೊಟಕಾಗುವುದು ನನಗೆ ಕಾಣುತ್ತಿತ್ತು. ಎತ್ತುಗಳನ್ನು ನಾನು ಕ್ಷಮಿಸಿಬಿಟ್ಟೆ.

ಈಗ ತಾತ ಇಲ್ಲ. ಹಣೆಯ ಬೊಟ್ಟನ್ನು ಊರಿನ ಕಟ್ಟಳೆ ತೆಗೆಸಿತು. ಮಂಡಿಯ ಬೊಟ್ಟಿಗೆ ಯಾವ ಕಟ್ಟಳೆಯೂ ಇಲ್ಲ. ಆ ಫೋಟೋದಲ್ಲಿ ಅದು ಹಾಗೇ ಇದೆ. ಸೊಂಟದಿಂದ ಕೆಳಕ್ಕೆ ಸಾಕು ಎಂದು ಸುಗುಣ ತೆಗೆದದ್ದರಿಂದ ಅದರಲ್ಲಿ ಮುಖಗಳಿಲ್ಲ, ನಾಲ್ಕು ಕಾಲುಗಳಷ್ಟೇ. ಮದುವೆಯ ಫೋಟೋದಲ್ಲೂ ಅವರು ಕುರ್ಚಿಯ ಮೇಲೆ, ನಾನು ಹಿಂದೆ. ನಾವಿಬ್ಬರೂ ಪಕ್ಕಪಕ್ಕದಲ್ಲಿ ಇರುವುದು ಇದೊಂದರಲ್ಲೇ. ಇದನ್ನೆಲ್ಲ ಬರೆದ ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಯಾರದೋ ಕಾಲು ಎಂದು ಎಸೆದುಬಿಟ್ಟೀರಿ, ಹಾಳೆಗಳ ಜೊತೆಗೇ ಜೋಪಾನ ಮಾಡಿ. ಸುಗುಣಜ್ಜಿ ಬಂದು ಕೇಳಿದರೆ ತೋರಿಸಿ, ಆದರೆ ಕೊಡಬೇಡಿ.