ಚೋಮಿಯ ಪೆಟ್ಟಿಗೆಯಲ್ಲಿ ಹುಲ್ಲುಕಡ್ಡಿಯೂ ಇಲ್ಲ

ಬೆಳಿಗ್ಗೆ ಐದೂವರೆ. ಕುಶಾಲನಗರದ ಹೊರವಲಯದ ಶೆಡ್ಡಿನ ಬಾಗಿಲಲ್ಲಿ ಚೋಮಿ ನನಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ‘ಚಪ್ಪಲಿ ಹೊರಗೆ ಬಿಡಿ ಸಾರ್. ಪ್ಯಾಂಟ್ ಕೊಡವಿ ಬನ್ನಿ. ಒಂದು ಹುಲ್ಲುಕಡ್ಡಿ ಒಳಗೆ ಬಂದ್ರೂ ನನ್ನ ಕಥೆ ಮುಗೀತು.’

ಒಳಗಿರುವುದು ಎಸ್ಟೇಟ್ ಬಂಗಲೆಯೊಂದರ ಹಳೆಯ ಪಿಯಾನೊ. ಇನ್ನೂರ ತೊಂಬತ್ತು ಕೆಜಿ. ಇವತ್ತು ಅದು ನ್ಯೂಜಿಲೆಂಡಿನ ಶಾಲೆಯೊಂದಕ್ಕೆ ಹೊರಟಿದೆ, ಎರಡನೇ ಸಲ.

ಸಿದ್ದಾಪುರದ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದ ಚೋಮಿ ಹದಿನೆಂಟು ವರ್ಷ ಕಾಫಿ ಪಿಕ್ಕಿಂಗ್ ಮಾಡಿದವರು. ಮಂಡಿನೋವು ಬಂದು ಗುಡ್ಡ ಹತ್ತಲಾಗದೆ, ವಾದ್ಯ ರಿಪೇರಿ ಮಾಡಿ ಹೊರದೇಶಕ್ಕೆ ಕಳಿಸುವ ಆನಂದ್ ಅವರ ಶೆಡ್ಡಿಗೆ ಬಂದು ಪ್ಯಾಕಿಂಗ್ ಕಲಿತರು. ಈವರೆಗೆ ಹದಿನಾಲ್ಕು ಪಿಯಾನೊ ಕಟ್ಟಿದ್ದಾರೆ. ಬಾರಿಸಲು ಮಾತ್ರ ಬರುವುದಿಲ್ಲ.

ಕಳೆದ ವರ್ಷ ಇದನ್ನೇ ಕಟ್ಟುವಾಗ ಪೆಟ್ಟಿಗೆಯ ಮೂಲೆಗಳಲ್ಲಿ ಸಂದಿ ಉಳಿಯಿತು. ಮನೆಯಲ್ಲಿ ಮಡಕೆಗೆ, ಮೊಟ್ಟೆಗೆ ಮಾಡುವ ಹಾಗೆ ಭತ್ತದ ಹುಲ್ಲು ತುರುಕಿದರು. ಹುಲ್ಲಿನ ಜೊತೆ ಹುಳು, ಬೀಜ ಬಂದೀತೆಂದು ಆ ದೇಶದ ಬಂದರಿನವರು ಪೆಟ್ಟಿಗೆಯನ್ನೇ ವಾಪಸ್ ಕಳಿಸಿದರು. ಕಡಲ ಗಾಳಿ ತಿಂದು ಬಂದ ಪಿಯಾನೊ ಸರಿಯಾಗಲು ಎಂಟು ತಿಂಗಳು ಹಿಡಿಯಿತು. ಇನ್ನೊಮ್ಮೆ ಕಾಯುವುದಿಲ್ಲ ಎಂದು ಶಾಲೆಯವರು ಹೇಳಿಬಿಟ್ಟಿದ್ದಾರೆ.

‘ಪ್ರೀತಿಯಿಂದ ಹಾಕಿದ್ದು ಸಾರ್. ಅವರಿಗೆ ನಮ್ಮ ಹುಲ್ಲು ಅಂದ್ರೆ ಹಾವು ಕಂಡ ಹಾಗೆ!’

ಈ ಸಲ ಮೂಲೆಗೆಲ್ಲ ಫೋಮು. ನಲವತ್ತೆರಡು ಸ್ಕ್ರೂ ಬಿಗಿದಾಯಿತು. ಲಾರಿ ಹಾರ್ನ್ ಹೊಡೆಯುತ್ತಿದೆ. ಆಗ ಆನಂದ್ ನಗುತ್ತಾರೆ: ‘ಚೋಮಕ್ಕಾ, ಎಲ್ಲರ ಬಟ್ಟೆ ಕೊಡವಿಸಿದ್ರಿ. ನಿಮ್ಮ ತಲೇಲಿರೋದು ಏನು?’

ಚೋಮಿಯ ಕೈ ಮುಡಿಗೆ ಹೋಗುತ್ತದೆ. ಪಿಯಾನೊ ಹೊರಡುವ ದಿನವೆಂಬ ಸಂಭ್ರಮಕ್ಕೆ ಸೇವಂತಿಗೆ ಮುಡಿದು ಬಂದಿದ್ದಾರೆ! ತೆಗೆದು ಎಣಿಸುತ್ತಾರೆ. ‘ಏಳು ಕಟ್ಟಿದ್ದೆ. ಆರೇ ಉಂಟು. ಪೆಟ್ಟಿಗೆ ಬಿಚ್ಚಿ!’

‘ದಾರೀಲಿ ಬಿದ್ದಿರ್ತದೆ ಅಕ್ಕಾ.’

‘ಬಿದ್ದಿದ್ರೆ ಒಳ್ಳೇದೇ. ನೀವು ಬಿಚ್ಚಿ.’

‘ಕಾಯ್ಲಿಕ್ಕೆ ಹಡಗು ನಿಮ್ಮ ಮಾವನದ್ದಾ ಅಮ್ಮಾ?’ ಡ್ರೈವರ್ ಕೂಗುತ್ತಾನೆ.

ನಲವತ್ತೆರಡು ಸ್ಕ್ರೂಗಳೂ ಹೊರಬರುತ್ತವೆ. ಚೋಮಿ ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ಪೆಡಲಿನ ಹಿಂದೆ ಕೈ ತೂರಿಸುತ್ತಾರೆ. ‘ಸಿಕ್ತು!’ ಅಂಗೈಯಲ್ಲಿ ಹಳದಿ ಸೇವಂತಿಗೆ. ಮೊದಲು ಚಪ್ಪಾಳೆ ತಟ್ಟುವವನು ಡ್ರೈವರನೇ.

ಎಂಟು ವಾರಗಳ ನಂತರ ಚೋಮಿ ನನಗೆ ಫೋನ್ ಮಾಡುತ್ತಾರೆ. ಹಿಂದೆ ಆನಂದ್ ನಗುವುದು ಕೇಳಿಸುತ್ತಿದೆ.

‘ಸಾರ್, ಬಂದರಿನವರು ಪೆಟ್ಟಿಗೆ ಬಿಚ್ಚಿ ಮೂಲೆಮೂಲೆ ಹುಡುಕಿದ್ರಂತೆ. ಏನೂ ಸಿಗ್ಲಿಲ್ಲವಂತೆ! ಏನೂ ಸಿಗ್ಲಿಲ್ಲ ಅಂತ ನನಗೆ ಇಷ್ಟು ಖುಷಿ ಆಗಿದ್ದು ಇದೇ ಮೊದಲು.’