ನಾನು ಸಹಿ ಹಾಕಿದ ವರದಿಯ ಊರುಗಳು

ದಸರಾ ಮುಗಿದ ಮರುವಾರ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಹೊರಟೆ. ಚೀಲದಲ್ಲಿ ಎರಡು ಸೀರೆ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಿದ್ದವು. ಅವುಗಳ ಕೆಳಗೆ ಒಂದು ಲಕೋಟೆಯಲ್ಲಿ ಪುಟ್ಟಮಾದಮ್ಮ ಎಂಬ ಹೆಂಗಸಿಗೆ ಕೊಡಬೇಕಾದ ನೋಟಿಸ್ ಇತ್ತು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಮೇಲೆ ನಾನು ಒಂದು ಸಣ್ಣ ಸೇವಾಸಂಸ್ಥೆಯ ಟ್ರಸ್ಟಿಯಾದೆ. ನಡೆಯಲಾಗದವರಿಗೆ ಗಾಲಿಕುರ್ಚಿ, ವಾಕರ್ ಕೊಡುವುದು, ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನಮ್ಮ ಕೆಲಸ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳ ಮನೆಗಳಿಗೆ ಓಡಾಡುವವರು ಪುಟ್ಟಮಾದಮ್ಮ. ಮೂರು ತಿಂಗಳಿಂದ ಅವರು ಕಳಿಸಿದ ಫಾರಂಗಳಲ್ಲಿ ‘ಫಲಾನುಭವಿಯ ತೃಪ್ತಿ’ ಎಂಬ ಭಾಗ ಖಾಲಿ ಇತ್ತು. ಕೆಲವು ಮನೆಯವರ ಸಹಿಯೂ ಇರಲಿಲ್ಲ. ದಾನಿಗಳು ಪ್ರಶ್ನೆ ಕೇಳಿದ್ದರು. "ನೀವೇ ಹೋಗಿ ವಿಚಾರಿಸಿ ಮೇಡಂ. ಸರಿಯಾದ ಕಾರಣ ಇಲ್ಲದಿದ್ದರೆ ನೋಟಿಸ್ ಕೊಟ್ಟು ಬನ್ನಿ, ಬೇರೆಯವರನ್ನು ನೋಡೋಣ" ಎಂದು ನಮ್ಮ ಕಾರ್ಯದರ್ಶಿ ಹೇಳಿದ್ದರು. ಟ್ರಸ್ಟಿಯಾಗಿ ನಾಲ್ಕು ವರ್ಷವಾಗಿದ್ದರೂ ಆ ಊರುಗಳಿಗೆ ನಾನು ಹೋದದ್ದು ಅದೇ ಮೊದಲು.

ನರಸೀಪುರದ ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಕೊಳ್ಳೇಗಾಲದಲ್ಲಿ ಇಳಿದೆ. ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದ, ಐವತ್ತರ ಆಚೀಚಿನ ತೆಳ್ಳನೆಯ ಹೆಂಗಸು ನನ್ನನ್ನು ನೋಡಿದ ಕೂಡಲೇ ಮುಂದೆ ಬಂದರು. ಅವರೇ ಪುಟ್ಟಮಾದಮ್ಮ. "ಮೇಡಮ್ಮೋರೆ, ತಿಂಡಿ ಆಯ್ತಾ? ಮೊದ್ಲು ತಿನ್ನಿ, ಆಮೇಲೆ ನಡೆಯದು ಜಾಸ್ತಿ ಅದೆ" ಎಂದರು. ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಪಕ್ಕದ ಲಾಡ್ಜಿನಲ್ಲಿ ಚೀಲ ಇಟ್ಟು ಹೊರಟೆವು.

ಮೊದಲು ಹೋದದ್ದು ನೇಕಾರರ ಬೀದಿಗೆ. ರೇಷ್ಮೆ ಮಗ್ಗದ ಸದ್ದು ಮನೆ ಮನೆಯಿಂದ ಕೇಳುತ್ತಿತ್ತು. ನಾವು ಹೊಕ್ಕ ಮನೆಯಲ್ಲಿ ಮಾತ್ರ ಮಗ್ಗ ಸುಮ್ಮನಿತ್ತು. ಅದರ ಯಜಮಾನ ನಂಜುಂಡಸ್ವಾಮಿಯವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ನಾವು ಕೊಟ್ಟ ಗಾಲಿಕುರ್ಚಿ ಗೋಡೆಗೆ ಒರಗಿತ್ತು, ಅದರ ಹಿಡಿಗಳ ಮೇಲೆ ರೇಷ್ಮೆ ಲಡಿಗಳನ್ನು ಒಣಹಾಕಿದ್ದರು.

"ಕುರ್ಚಿ ಹೇಗಿದೆ?" ಎಂದು ಕೇಳಿದೆ.

"ಬಾಳ ಚೆನ್ನಾಗದೆ ಮೇಡಂ. ನಿಮ್ಮಿಂದ ಬಾಳ ಉಪಕಾರ ಆಯ್ತು" ಎಂದು ಅವರು ಕೈ ಮುಗಿದರು. ಅವರ ಹೆಂಡತಿ ಮನೆಮಾತಿನಲ್ಲಿ ಗಂಡನಿಗೆ ಏನೋ ಅಂದರು. ಅವರು ಬೇಡವೆಂದು ತಲೆಯಾಡಿಸಿದರು. ಮಗ್ಗಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ನಾನೇ ಓರೆಯಾಗಿ ನಿಂತಿದ್ದೆ. ಅಲ್ಲಿ ಗಾಲಿಕುರ್ಚಿ ಓಡಲು ಸಾಧ್ಯವಿರಲಿಲ್ಲ. "ಇದರಲ್ಲಿ ಕೂತು ಎಷ್ಟು ದಿನವಾಯಿತು?" ಎಂದು ಕೇಳಿದೆ.

ಉತ್ತರ ಹೇಳಿದವರು ಹೆಂಡತಿ. "ಪೋಟೋ ತೆಗೆದ ದಿನ ಕೂತಿದ್ರು. ಇವ್ರಿಗೆ ಕುರ್ಚಿ ಬೇಕಾಗಿರ್ನಿಲ್ಲ ಕಣ್ರಿ. ಕಾಲು ಇಳಿಬುಟ್ಟು ನೇಯೋ ಮಗ್ಗದ ಗುಂಡಿಗೆ ಇಳಿಯಕ್ಕೆ ಒಂದು ಹಿಡಿ ಬೇಕಾಗಿತ್ತು. ಒಂದು ಕಂಬಿ ನೆಟ್ಟು ಕೊಟ್ಟಿದ್ರೆ ಕೂತ್ಕಂಡು ನೇಯ್ತಿದ್ರು. ಇದ್ನ ಏಳಿದ್ರೆ ನೀವು ಮನೆಗೆ ಬರೋದೇ ನಿಲ್ಲುಸ್ಬುಟ್ರೆ ಅಂತ ಭಯ."

ಹೊರಗೆ ಬಂದ ಮೇಲೆ ಪುಟ್ಟಮಾದಮ್ಮನವರನ್ನು ಕೇಳಿದೆ: "ಇದನ್ನು ನೀವು ಯಾಕೆ ಬರೆಯಲಿಲ್ಲ?"

"ಎಲ್ಲಿ ಬರೀಲಿ ಮೇಡಮ್ಮೋರೆ? ಫಾರಂನಲ್ಲಿ ತುಂಬಾ ತೃಪ್ತಿ, ತೃಪ್ತಿ, ಸಾಧಾರಣ ಅಂತ ಮೂರೇ ಮನೆ ಇರದು. ಇವ್ರದ್ದು ಮೂರ್ರಲ್ಲೂ ಇಲ್ಲ. ಅದ್ಕೆ ಹಂಗೇ ಬುಟ್ಟೆ."

ಆ ಫಾರಂ ಮಾಡಿದ್ದು ನಾನೇ. ಕಚೇರಿಯಲ್ಲಿ ಎಲ್ಲರೂ ಚೆನ್ನಾಗಿದೆ, ಚುಟುಕಾಗಿದೆ ಎಂದು ಹೊಗಳಿದ್ದರು. ಇದನ್ನು ಅವರಿಗೆ ಹೇಳುವ ಧೈರ್ಯ ಅವತ್ತು ಬರಲಿಲ್ಲ. ಲಾಡ್ಜಿಗೆ ಹೋಗುವ ಮೊದಲು ಇನ್ನೂ ನಾಲ್ಕು ಮನೆ ನೋಡಿದೆವು. ಎರಡು ಕಡೆ ನಾವು ಕೊಟ್ಟದ್ದು ನಿಜವಾಗಿ ಉಪಯೋಗಕ್ಕೆ ಬಂದಿತ್ತು. ಅದನ್ನು ಕಂಡಾಗ ಸಂತೋಷಕ್ಕಿಂತ ಹೆಚ್ಚಾಗಿ ಉಸಿರು ಬಂದಂತಾಯಿತು.

ಮರುದಿನ ಹನೂರಿಗೆ ಹೊರಟೆವು. ಸರ್ಕಾರಿ ಬಸ್ಸಾದ್ದರಿಂದ ನಮ್ಮಿಬ್ಬರಿಗೂ ಶೂನ್ಯ ಟಿಕೆಟ್. ಹನೂರಿನಿಂದ ಅಜ್ಜೀಪುರಕ್ಕೆ ಒಂದು ಖಾಸಗಿ ಬಸ್ಸಿನಲ್ಲಿ ನಿಂತೇ ಹೋದೆವು. ರಸ್ತೆಯ ಎರಡೂ ಬದಿ ಜೋಳ ಕಟಾವಿಗೆ ಬಂದಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಬಸ್ ಇಳಿದು ಅರ್ಧ ಗಂಟೆ ಹೊಲದ ದಾರಿಯಲ್ಲಿ ನಡೆದೆವು. ಪುಟ್ಟಮಾದಮ್ಮ ವಾರಕ್ಕೊಮ್ಮೆ ಈ ದಾರಿ ನಡೆಯುತ್ತಾರೆ. ನಾನು ಎರಡು ಕಡೆ ಕೂತು ಸುಧಾರಿಸಿಕೊಂಡೆ.

ಅಲ್ಲಿ ನಮಗಾಗಿ ಕಾಯುತ್ತಿದ್ದವರು ಚಿನ್ನತಾಯಿ. ಅವರ ಮಗಳು ರಾಣಿಗೆ ಒಂಬತ್ತು ವರ್ಷ, ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಿಗಿತ. ನಮ್ಮ ವಾರ್ಷಿಕ ವರದಿಯಲ್ಲಿ ಅವಳ ಚಿತ್ರವಿದೆ. ವ್ಯಾಯಾಮ ಚಿಕಿತ್ಸೆಯ ತಜ್ಞರು ಪ್ರತಿ ತಿಂಗಳೂ ಮನೆಗೆ ಬಂದು ಚಿಕಿತ್ಸೆ ಕೊಡುತ್ತಾರೆ ಎಂದು ಚಿತ್ರದ ಕೆಳಗೆ ಬರೆದಿದೆ.

ಸಹಿ ಹಾಕದವರಲ್ಲಿ ಚಿನ್ನತಾಯಿ ಒಬ್ಬರು. ಕಾರಣ ಕೇಳಿದೆ.

"ಆ ಡಾಕ್ಟ್ರು ಬಂದದ್ದು ಎಲ್ಡೇ ಸತಿ. ಆಮೇಲೆ ಹನೂರಿಗೆ ಬಂದು ಅಲ್ಲಿಂದ್ಲೇ ಪೋನ್ ಮಾಡಿ ವಾಪಸ್ ಓಯ್ತಿದ್ರು. ಬರ್ದೇ ಇರೋರು ಬಂದ್ರು ಅಂತ ನಾನ್ಯಾಕಮ್ಮ ಸೈನಾಕ್ಲಿ? ನಾಳೆ ನನ್ ಮಗಳು ಓದಕ್ಕೆ ಕಲ್ತು ಅದ್ನ ಓದುದ್ರೆ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮತ್ತೆ ವ್ಯಾಯಾಮ?"

"ಅದಾ? ಈ ಅಕ್ಕ ಕಲ್ಸವ್ರೆ, ನಾನ್ ಮಾಡುಸ್ತೀನಿ. ರಾಣಿ, ತೋರ್ಸವ್ವ."

ರಾಣಿಯ ಅಪ್ಪ ಅಂಗಳದಲ್ಲಿ ಎರಡು ಉದ್ದನೆಯ ಬಿದಿರು ಗಳುಗಳನ್ನು ಅವಳ ಸೊಂಟದ ಎತ್ತರಕ್ಕೆ ಕಟ್ಟಿದ್ದರು. ಅವಳು ತೆವಳಿಕೊಂಡು ಅಲ್ಲಿಗೆ ಹೋದಳು. ಗಳು ಹಿಡಿದಳು. ಹಲ್ಲು ಕಚ್ಚಿ, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದನ್ನು ಎತ್ತಿ, ಎದ್ದು ನಿಂತಳು. ನಿಂತವಳು ನನ್ನ ಕಡೆ ತಿರುಗಿ, "ಎಣಿಸಿ!" ಎಂದಳು. ನಾನು ಎಣಿಸಿದೆ. ಇಪ್ಪತ್ತೆರಡರ ತನಕ ನಿಂತಳು. ಎಷ್ಟೋ ರೋಗಿಗಳು ಎದ್ದು ನಿಲ್ಲುವುದನ್ನು ಕಂಡಿರುವ ನನ್ನ ಕಣ್ಣು ಅವತ್ತು ತುಂಬಿತು.

"ಡಾಕ್ಟ್ರು ಬರುತ್ತಾರೆ ಅಂತ ಬರೆದ ಆ ವರದಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ನೋಡದೆ ಹಾಕಿದೆ. ಫಾರಂ ಮಾಡಿದ್ದೂ ನಾನೇ" ಎಂದು ಚಿನ್ನತಾಯಿಗೂ ಪುಟ್ಟಮಾದಮ್ಮನವರಿಗೂ ಹೇಳಿದೆ.

ಚಿನ್ನತಾಯಿ ತಟ್ಟೆ ತಂದಿಡುತ್ತಾ, "ಇವಾಗ ಬಂದ್ರಲ್ಲ, ಬುಡಿ. ಎದ್ದು ಕೈ ತೊಳ್ಕಳಿ, ಮುದ್ದೆ ಆರೋಯ್ತದೆ" ಎಂದರು. ರಾಗಿ ಮುದ್ದೆ, ಹುರುಳಿ ಸಾರು. ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡೆ.

ವಾಪಸು ಬರುವಾಗ ನೋಟಿಸಿನ ವಿಷಯ ಮುಚ್ಚಿಡಲಾಗಲಿಲ್ಲ. ಪುಟ್ಟಮಾದಮ್ಮ ಬಸ್ಸಿನ ಕಿಟಕಿಯಾಚೆ ನೋಡುತ್ತಲೇ, "ಗೊತ್ತು ಮೇಡಮ್ಮೋರೆ. ಆಫೀಸಿಂದ ಮೊನ್ನೇನೇ ಪೋನ್ ಬಂದಿತ್ತು" ಎಂದರು.

"ಗೊತ್ತಿದ್ದೂ ಇದನ್ನೆಲ್ಲ ಯಾಕೆ ತೋರಿಸಿದಿರಿ? ಎಲ್ಲ ಚೆನ್ನಾಗಿರುವ ಮನೆಗಳಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೋಡಕ್ಕೆ ತಾನೆ ನೀವು ಬಂದಿರದು?" ಎಂದರು.

ಮೂರನೇ ದಿನ ಚೀಲ ತೆಗೆದುಕೊಂಡು, ಲಾಡ್ಜ್ ಬಿಟ್ಟು ಯಳಂದೂರಿಗೆ ಹೋಗಿ, ಅಲ್ಲಿಂದ ಪುಟ್ಟಮಾದಮ್ಮನವರ ಊರಾದ ಹೊನ್ನೂರಿಗೆ ಆಟೊದಲ್ಲಿ ಹೋದೆವು. ಭತ್ತದ ಗದ್ದೆಗಳ ಆಚೆ ಬಿಳಿಗಿರಿರಂಗನ ಬೆಟ್ಟ ಮೋಡ ಹೊದ್ದು ಮಲಗಿತ್ತು. ಸುತ್ತಲಿನ ಹತ್ತು ಹನ್ನೆರಡು ಮನೆಯವರನ್ನು ಸಮುದಾಯ ಭವನಕ್ಕೆ ಬರಲು ಹೇಳಿದ್ದೆವು. ನಾನು ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿದೆ. "ಇದರಲ್ಲಿ ಯಾವುದು ತಪ್ಪು ಹೇಳಿ" ಎಂದೆ.

ಜನ ಪುಟ್ಟಮಾದಮ್ಮನವರ ಮುಖ ನೋಡಿದರು. ಕೊನೆಗೆ ಹಿಂದಿನ ಸಾಲಿನಿಂದ ಮಲ್ಲಪ್ಪ ಎಂಬ ವಯಸ್ಸಾದ ರೈತರು ಎದ್ದು ನಿಂತರು. "ನಾವ್ ನಿಜ ಏಳಿದ್ರೆ ಈಯಮ್ಮನ ಕೆಲ್ಸ ಓಯ್ತದಾ?" ಎಂದು ಪುಟ್ಟಮಾದಮ್ಮನವರ ಕಡೆ ಕೈ ತೋರಿಸಿದರು.

ನಾನು ಚೀಲದಿಂದ ನೋಟಿಸಿನ ಲಕೋಟೆ ತೆಗೆದು ಮುಂದಿಟ್ಟು, ಎಲ್ಲರೆದುರು ಕಾರ್ಯದರ್ಶಿಗೆ ಫೋನ್ ಮಾಡಿದೆ. ನೋಟಿಸ್ ಕೊಡುತ್ತಿಲ್ಲ, ತಪ್ಪು ಫಾರಂನದು, ವರದಿಯದು, ನಮ್ಮದು ಎಂದೆ. ಅವರು ಕೆಟ್ಟ ಮನುಷ್ಯರಲ್ಲ. "ದಾನಿಗಳಿಗೆ ಏನು ಹೇಳೋಣ ಮೇಡಂ?" ಎಂದು ಗಾಬರಿಯಿಂದ ಕೇಳಿದರು. "ಇಲ್ಲಿಯವರು ಹೇಳಿದ್ದನ್ನೇ ಹೇಳೋಣ. ಕೆಳಗೆ ನನ್ನ ಸಹಿ ಇರಲಿ" ಎಂದೆ. ಅವರು, "ಆಗಲಿ, ಬನ್ನಿ" ಎಂದರು.

ಫೋನ್ ಇಟ್ಟೆ. ಮಲ್ಲಪ್ಪ ಇನ್ನೂ ನಿಂತೇ ಇದ್ದರು. "ಹಂಗಾರೆ ಬರ್ಕಳಿ. ನಮ್ಮನೆಯವ್ಳ ವಾಕರ್ ಕಾಲಿನ ರಬ್ಬರು ಸವೆದೋಗಿ ಜಾರ್ತದೆ. ಎಲ್ಡು ಸತಿ ಬಿದ್ದವ್ಳೆ. ಹೊಸ ವಾಕರ್ ಬೇಡ, ರಬ್ಬರು ಕೊಡಿ ಸಾಕು." ಆಮೇಲೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಬರೆದು ಬರೆದು ನನ್ನ ಬೆರಳು ನೋಯತೊಡಗಿತು. ವ್ಯಾಯಾಮದಿಂದ ಗುಣವಾದವರೂ ಹೇಳಿದರು, ಅದನ್ನೂ ಬರೆದುಕೊಂಡೆ.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ತಜ್ಞರ ಬದಲು ಬೇರೊಬ್ಬರು ಬಂದರು, ಅವರು ಹೊಲದ ದಾರಿಯಲ್ಲೂ ನಡೆಯುತ್ತಾರೆ. ನಂಜುಂಡಸ್ವಾಮಿಯವರ ಮಗ್ಗದ ಗುಂಡಿಗೆ ಕಬ್ಬಿಣದ ಹಿಡಿ ಬಂತು. ಒಬ್ಬ ದಾನಿ ದೂರ ಸರಿದರು, ಉಳಿದವರು ಉಳಿದರು. ಈಗ ವರದಿ ಅಚ್ಚಿಗೆ ಹೋಗುವ ಮುಂಚೆ ಮೂರೂ ತಾಲ್ಲೂಕುಗಳಲ್ಲಿ ಜನರೆದುರು ಓದುತ್ತೇವೆ. ಇದನ್ನೆಲ್ಲ ನನಗೆ ಕಲಿಸಿದ್ದು ಆ ಮೂರು ದಿನ. ಕಲಿಸಿದವರು ಅದಕ್ಕಾಗಿ ನನ್ನಿಂದ ಏನನ್ನೂ ಕೇಳಲಿಲ್ಲ.

ಆ ದಿನ ಯಳಂದೂರಿನಲ್ಲಿ ಮೈಸೂರಿನ ಬಸ್ಸು ಸಿಕ್ಕಾಗ ಮೂರೂವರೆಯಾಗಿತ್ತು. ಪುಟ್ಟಮಾದಮ್ಮ ನನಗೆ ಕಿಟಕಿಯ ಸೀಟು ಹಿಡಿದುಕೊಟ್ಟು, ಒಂದು ಡಜನ್ ಬಾಳೆಹಣ್ಣು ಮಡಿಲಿಗೆ ಹಾಕಿದರು. ನಾನು ಅವರ ಕೈ ಹಿಡಿದು ಏನೋ ಹೇಳಲು ಹೊರಟೆ. ಅವರಿಗೆ ಪುರುಸೊತ್ತಿರಲಿಲ್ಲ. "ಇನ್ನೊಂದು ಮನೆ ಅದೆ ಮೇಡಮ್ಮೋರೆ, ಕಾಯ್ತಿರ್ತಾರೆ. ಓಗ್ಬುಟ್ಟು ಬನ್ನಿ" ಎಂದು ಇಳಿದರು. ಬಸ್ಸು ಕದಲುವಾಗ ತಿರುಗಿ ನೋಡಿದೆ. ಅವರು ಶೇರ್ ಆಟೊದ ತುದಿಯಲ್ಲಿ ಅರ್ಧ ಕೂತು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ದಾರಿ ನೋಡುತ್ತಾ ಆಗಲೇ ಹೊರಟುಹೋಗುತ್ತಿದ್ದರು.