ಗೋಡೆಯ ಬೆಲ್ಲ

ನಮ್ಮ ಉಮ್ಮತ್ತೂರಿನ ಕಡೆಗೆ ಸಿಮೆಂಟು ಇನ್ನೂ ಸರಿಯಾಗಿ ಬಂದಿರದ ಕಾಲ ಅದು. ಹಳೆಯ ಗುಡಿಯಾಗಲಿ, ಮಸೀದಿಯಾಗಲಿ, ಚರ್ಚಾಗಲಿ, ಗೋಡೆ ಉದುರಿದರೆ ಸುಣ್ಣದ ಗಾರೆಯವರನ್ನೇ ಕರೆಯಬೇಕಿತ್ತು. ನನ್ನ ಅಪ್ಪ ಗಾರೆಯವನು. ಅವ್ವ ತೀರಿಕೊಂಡಿದ್ದಳು, ಹಾಗಾಗಿ ಅಪ್ಪ ಹೋದ ಕಡೆಗೆಲ್ಲ ನಾನೂ. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು ಅದಕ್ಕೇ. ಅದಕ್ಕೆ ಈಗ ಅತ್ತು ಪ್ರಯೋಜನವಿಲ್ಲ. ದೇವರ ಮನೆಗಳನ್ನಂತೂ ಬೇಕಾದಷ್ಟು ನೋಡಿದೆ.

ನನಗೆ ಎಂಟು ವರ್ಷ. ಆ ಚಳಿಗಾಲ ಗುಂಡ್ಲುಪೇಟೆ ಹತ್ತಿರದ ಒಂದು ಹಳೆಯ ಚರ್ಚಿನ ಕೆಲಸ. ಪೀಠದ ಹಿಂದಿನ ಗೋಡೆ ಪೂರಾ ಉದುರಿತ್ತು. ಕ್ರಿಸ್ಮಸ್ಸಿಗೆ ಮುಂಚೆ ಮುಗಿಸಿಕೊಡುತ್ತೇನೆಂದು ಅಪ್ಪ ಫಾದರಿಗೆ ಮಾತು ಕೊಟ್ಟಿದ್ದ. ಅಂಗಳದಲ್ಲಿ ದುಂಡನೆಯ ತೋಡು, ಅದರೊಳಗೆ ಎತ್ತು ಎಳೆಯುವ ಕಲ್ಲು ಸುಣ್ಣ ಮರಳನ್ನು ಅರೆಯುತ್ತಿತ್ತು. ಗಾರೆ ಬಿರುಕು ಬಿಡದಿರಲೆಂದು ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಒಗರು ಸಿಹಿ ಸೇರಿದ ಆ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅಪ್ಪ ಬೆಳಿಗ್ಗೆ ತೆಗೆದಿಟ್ಟ ಬೆಲ್ಲದ ಅಚ್ಚುಗಳನ್ನು ಮಡಕೆಯ ನೀರಿಗೆ ಹಾಕಿ ಕರಗಿಸುವುದು ನನ್ನ ಕೆಲಸ.

ಹಾಕಿದೆ. ತಿಂದೆ ಕೂಡ. ಮೊದಲು ಚೂರು, ಆಮೇಲೆ ಅಚ್ಚು. ಕುಂಟೆಬಿಲ್ಲೆ ಆಡುವಾಗಲೂ ಕೆನ್ನೆಯಲ್ಲಿ ಬೆಲ್ಲ.

ಎಂಟು ದಿನಕ್ಕೆ ಗೋಡೆಯ ತುಂಬ ಜೇಡರ ಬಲೆಯ ಹಾಗೆ ಬಿರುಕು. ಚರ್ಚಿನ ತೋಟ ನೋಡಿಕೊಳ್ಳುವವನು ಬಂದು, "ಏನ್ಲಾ, ಗಾರೆ ಬಳುದ್ಯೋ, ರೊಟ್ಟಿ ತಟ್ಟುದ್ಯೋ?" ಅಂದ. ಇನ್ನೊಂದು ಸಲ ಹೀಗಾದರೆ ಯಾವ ಊರಿನ ದೇವರೂ ಅಪ್ಪನನ್ನು ಕರೆಯುತ್ತಿರಲಿಲ್ಲ. ಅಪ್ಪ ಮಡಕೆಗೆ ಬೆರಳದ್ದಿ ನೆಕ್ಕಿದ.

"ಬೆಲ್ಲ ಎಲ್ಲೋಯ್ತಮ್ಮಿ?"

"ಇರುವೆ ತಿನ್ಬುಟ್ಟೊ ಕಣಪ್ಪ."

"ಎಲ್ಲಿ, ಆ ಇರುವೆ ಬಾಯ್ ತಗಿಲಿ ನೋಡನ."

ಬಾಯಿ ತೆರೆದೆ. ಹೊಡೆಯುತ್ತಾನೆ ಅಂದುಕೊಂಡೆ. ಗೋಡೆ ಕೆರೆಯುವ ಕಬ್ಬಿಣ ಕೈಗೆ ಕೊಟ್ಟ.

"ತಿಂದಷ್ಟೂ ಕೆರಿ."

ಮೂರು ದಿನ ಅಪ್ಪ ಮೇಲೆ, ನಾನು ಕೆಳಗೆ, ಹಾಕಿದ್ದನ್ನೆಲ್ಲ ಕೆರೆದು ಕೆಡವಿದೆವು. ಸುಣ್ಣ ಅಂಗೈ ಸುಟ್ಟಿತು. ನಾಲ್ಕನೆಯ ದಿನ ಹೊಸದಾಗಿ ಅರೆಸಿದ. ಒಂದು ಅಚ್ಚು ಬೇರೆ ತೆಗೆದು ನನ್ನ ಕೈಗಿಟ್ಟ.

"ಇದು ನಿಂದು. ಅದು ಗೋಡೆದು."

ಮಡಕೆಯ ಮುಂದೆ ಮತ್ತೆ ನನ್ನನ್ನೇ ಕೂರಿಸಿದ.

ಕ್ರಿಸ್ಮಸ್ಸಿನ ಹಿಂದಿನ ದಿನ ಗೋಡೆ ಮುಟ್ಟಿದೆ. ಮೊಟ್ಟೆಯ ಚಿಪ್ಪಿನ ಹಾಗೆ ನುಣ್ಣಗಿತ್ತು. ತೋಟದವನು ನನಗೊಂದು ಬನ್ನು ತಂದುಕೊಟ್ಟ.

ಆ ಗೋಡೆ ಈಗಲೂ ಗಟ್ಟಿಯಾಗಿದೆ, ಹೋದ ವರ್ಷ ನೋಡಿ ಬಂದೆ. ಅಪ್ಪ ಇಲ್ಲ. ಅರೆಯುವ ಕಲ್ಲಿನ ಮೇಲೆ ಕೂತು ಜನ ಬಸ್ಸು ಕಾಯುತ್ತಾರೆ. ಗಾರೆ ಕಲಸಬಲ್ಲವರು ನಮ್ಮ ಕಡೆ ಯಾರೂ ಉಳಿದಿಲ್ಲ.

ನನ್ನ ಮೊಮ್ಮಗಳು ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ನರ್ಸು. ರಜೆ ಸಿಕ್ಕಾಗ ಅಲ್ಲಿನ ಹಳೆಯ ಚರ್ಚುಗಳನ್ನು ಸುತ್ತುತ್ತಾಳೆ. ಮೊನ್ನೆ ಒಂದರೊಳಗಿಂದಲೇ ವೀಡಿಯೊ ಕಾಲ್ ಮಾಡಿದಳು.

"ಅಜ್ಜಿ, ಇದೂ ಕಬ್ಬಿನ ಊರು. ಈ ಗೋಡೆಗೂ ಕಬ್ಬಿನ ಪಾಕ ಹಾಕಿದ್ರಂತೆ. ಈಗ ಉದುರ್ತಾ ಇದೆ, ಎಷ್ಟು ಹಾಕ್ಬೇಕು ಅಂತ ಯಾರ್ಗೂ ಗೊತ್ತಿಲ್ಲ. ನಿಮ್ಮಪ್ಪ ಎಷ್ಟು ಹಾಕ್ತಿದ್ರು?"

"ಅಳತೆ ನಂಗೂ ಗೊತ್ತಿಲ್ಲ ಕಣಮ್ಮಿ. ಎಷ್ಟು ತಿಂದ್ರೆ ಗೋಡೆ ಬಿರುಕು ಬುಡ್ತದೆ ಅನ್ನದು ಮಾತ್ರ ಗೊತ್ತು."

ನಕ್ಕಳು. ಬ್ಯಾಗಿನಲ್ಲಿ ಪೆನ್ನು ಹುಡುಕಿದಳು.

"ಸರಿ, ಅದನ್ನೇ ಹೇಳು."

ಹೇಳಿದೆ. ಬರೆದುಕೊಂಡಳು.